ಕೃಷ್ಣರಂಧ್ರದ ನಾದವೂ ನಮ್ಮ ನಾಡಿನ ಕರ್ತವ್ಯವೂ

2025ನೆಯ ಇಸವಿ ಸಪ್ಟೆಂಬರ 10ನೆಯ ತಾರೀಖಿಗೆ ಪ್ರಕಟವಾದ ಒಂದು ಶಾಸ್ತ್ರೀಯ ವರ್ತಮಾನವು ನಮ್ಮ ಸುಶಿಕ್ಷಿತ ವರ್ಗದ ಲಕ್ಷ್ಯಕ್ಕೆ ಬರಬೇಕಾದಷ್ಟು ಬರಲಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ. ಕಬ್ಬಿನ ದರ, ಕಾಲುವೆಯ ನೀರು, ಮಂತ್ರಿಮಂಡಲದ ಏಳುಬೀಳು, ಇವೆಲ್ಲ ಲೋಕವ್ಯವಹಾರಕ್ಕೆ ಅವಶ್ಯವಾದ ಸಂಗತಿಗಳೇ ಸರಿ. ಅವುಗಳಿಗೆ ಪತ್ರಿಕೆಗಳಲ್ಲಿ ಸ್ಥಳ ದೊರೆಯತಕ್ಕದ್ದೇ. ಆದರೆ ನಮ್ಮವರೇ ಆದ ಒಬ್ಬ ಕನ್ನಡಿಗರು ಐವತ್ತೈದು ವರ್ಷಗಳ ಹಿಂದೆ ಗಣಿತದಿಂದ ಸಾಧಿಸಿದ ಒಂದು ಮಾತು ಆಕಾಶದ ಸಾಕ್ಷ್ಯದಿಂದ ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ ಸ್ಥಿರಪಟ್ಟಿತೆಂಬ ಸುದ್ದಿಯು ಮೂಲೆ ಸೇರತಕ್ಕದ್ದಲ್ಲ. ಇದರ ಅರ್ಥವೇನು, ಇದಕ್ಕೂ ನಮ್ಮ ಅಂಕಲಗಿ, ಗೋಕಾಕ, ಹುಕ್ಕೇರಿ ಸೀಮೆಯ ಜನರಿಗೂ ಸಂಬಂಧವೇನು, ಇದರಿಂದ ನಮ್ಮ ಸರಕಾರಗಳ ಮೇಲೆ ಬೀಳುವ ಹೊಣೆಯೇನು ಎಂಬುದನ್ನು ಇಂದು ಕೊಂಚ ವಿಸ್ತಾರವಾಗಿ ವಿಚಾರಿಸಬೇಕೆಂದು ನಮ್ಮ ಉದ್ದೇಶ.

ಮೊದಲು ಸುದ್ದಿಯನ್ನು ಹೇಳಿಬಿಡುವೆವು. 2025ನೆಯ ಇಸವಿ ಜನೇವರಿ 14ನೆಯ ತಾರೀಖಿಗೆ ಅಮೇರಿಕಾದ ‘ಲೈಗೊ’ ಎಂಬ ವೀಕ್ಷಣಾಲಯದ ಎರಡು ಕೇಂದ್ರಗಳು ಒಂದು ಕಂಪನವನ್ನು ಹಿಡಿದವು. ಸೂರ್ಯನಿಗಿಂತ ಮೂವತ್ತು ಮಡಿಗೂ ಮಿಕ್ಕಿ ತೂಕವುಳ್ಳ ಎರಡು ಕೃಷ್ಣರಂಧ್ರಗಳು ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೆ ಕೂಡಿಕೊಂಡು ಒಂದಾದಾಗ ಹೊರಟ ಕಂಪನವದು; ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಹಾದಿ ನಡೆದು ಭೂಮಿಯನ್ನು ಮುಟ್ಟಿತ್ತು. ಇಂಥ ಕಂಪನಗಳು ಇದಕ್ಕೆ ಮೊದಲೂ ಇನ್ನೂರರಷ್ಟು ದೊರೆತಿದ್ದವು. ಇದರ ವಿಶೇಷವೇನೆಂದರೆ, ಯಂತ್ರಗಳ ಸುಧಾರಣೆಯಿಂದಾಗಿ ಇದು ಅಲ್ಲಿಯ ವರೆಗಿನ ಎಲ್ಲಕ್ಕಿಂತ ಸ್ವಚ್ಛವಾಗಿ ಕೇಳಿಬಂದಿತು. ಕೂಡಿದ ಮೇಲೆ ಹುಟ್ಟಿದ ಹೊಸ ಕೃಷ್ಣರಂಧ್ರವು ಬಾರಿಸಿದ ಗಂಟೆಯಂತೆ ನಾದಗೈದು ಶಾಂತವಾದದ್ದನ್ನು ಶೋಧಕರು ಅಳೆದರು. ಒಂದೇ ಸ್ವರವನ್ನಲ್ಲ, ಎರಡು ಸ್ವರಗಳನ್ನು ಬೇರ್ಪಡಿಸಿ ಗುರುತಿಸಿದರು.

ಈ ನಾದವನ್ನು ಮೊದಲು ಗಣಿತದಲ್ಲಿ ಕಂಡವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು. ಇಲ್ಲಿಯ ಸುಶಿಕ್ಷಿತರಲ್ಲಿ ಎಷ್ಟು ಜನರಿಗೆ ಈ ಹೆಸರು ತಿಳಿದಿದೆ? ಅವರ ಚರಿತ್ರೆಯನ್ನು ಮುಂದೆ ಹೇಳುವೆವು. ಅದಕ್ಕೂ ಮೊದಲು, ಕೃಷ್ಣರಂಧ್ರವೆಂದರೇನು, ಕಾಣದ ವಸ್ತುವನ್ನು ಜ್ಯೋತಿಶ್ಶಾಸ್ತ್ರಜ್ಞರು ಕಾಣುವುದು ಹೇಗೆ ಎಂಬುದನ್ನು ತಿಳಿದುಕೊಳ್ಳದಿದ್ದರೆ ಮುಂದಿನ ಮಾತು ಅರ್ಥವಾಗಲಾರದು.

ಮೇಲಕ್ಕೆ ಎಸೆದ ಕಲ್ಲು ಕೆಳಕ್ಕೆ ಬೀಳುತ್ತದೆ. ಸೆಕೆಂಡಿಗೆ ಸುಮಾರು 11 ಕಿಲೋಮೀಟರಿನ ವೇಗದಿಂದ ಎಸೆದರೆ ಮಾತ್ರ ಅದು ಭೂಮಿಯ ಸೆಳೆತದಿಂದ ಪಾರಾಗಬಲ್ಲದು. ಭೂಮಿಯನ್ನೇ ಹಿಂಡಿ ಹಿಂಡಿ ಒಂದು ಅಡಿಕೆಯ ಗಾತ್ರಕ್ಕೆ ತಂದರೆ ಅದರ ಮೇಲಿನ ಸೆಳೆತವು ಎಷ್ಟಾದೀತೆಂದರೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುವ ಬೆಳಕು ಕೂಡ ಹೊರಬೀಳಲಾರದು. ಸೂರ್ಯನಾದರೆ 3 ಕಿಲೋಮೀಟರು ತ್ರಿಜ್ಯದ ಗೋಳವಾಗಬೇಕು. ಬೆಳಕೇ ಹೊರಬರಲಾರದ ಇಂಥ ವಸ್ತುವೇ ಕೃಷ್ಣರಂಧ್ರವು. ಯಾವ ಎಲ್ಲೆಯನ್ನು ದಾಟಿ ಒಳಹೊಕ್ಕದ್ದು ಮರಳಿ ಬರಲಾರದೋ ಆ ಎಲ್ಲೆಗೆ ಘಟನಾದಿಗಂತವೆಂದು ಹೆಸರು. ಆಯಿನ್‌ಸ್ಟಾಯಿನರ ಗುರುತ್ವ ಸಿದ್ಧಾಂತವು ಹೊರಬಿದ್ದ ಕೆಲವೇ ತಿಂಗಳಲ್ಲಿ, 1916ರಲ್ಲಿ, ಜರ್ಮನಿಯ ಕಾರ್ಲ್ ಶ್ವಾರ್ಟ್ಸ್‌ಚೈಲ್ಡರು ಇದರ ಗಣಿತರೂಪವನ್ನು ಕಂಡುಹಿಡಿದರು. ಆದರೂ ಇಂಥ ವಸ್ತುವು ನಿಜವಾಗಿ ಇರಬಹುದೆಂದು ಪಂಡಿತರು ಬಹುಕಾಲ ನಂಬಲಿಲ್ಲ.

ಬೆಳಕನ್ನೇ ಬಿಡದ ವಸ್ತುವನ್ನು ಕಾಣುವುದೆಂತು? ಇದಕ್ಕೆ ನಾಲ್ಕು ದಾರಿಗಳುಂಟು. ಮೊದಲನೆಯದು ನೆರೆಯವರ ನಡತೆಯಿಂದ ತಿಳಿಯುವುದು. ನಮ್ಮ ಆಕಾಶಗಂಗೆಯ ನಡುವಿನಲ್ಲಿ, ಸುಮಾರು 27 ಸಾವಿರ ಜ್ಯೋತಿರ್ವರ್ಷಗಳ ದೂರದಲ್ಲಿ, ಒಂದು ನಕ್ಷತ್ರವು ಏನೂ ಕಾಣದ ಒಂದು ಬಿಂದುವನ್ನು 16 ವರ್ಷಕ್ಕೊಮ್ಮೆ ಪ್ರದಕ್ಷಿಣೆ ಮಾಡುತ್ತದೆ. ಹತ್ತಿರ ಬಂದಾಗ ಅದರ ವೇಗವು ಸೆಕೆಂಡಿಗೆ 7 ಸಾವಿರ ಕಿಲೋಮೀಟರನ್ನು ಮೀರುತ್ತದೆ. ಈ ವೇಗದಿಂದ ಲೆಕ್ಕ ಹಾಕಿದರೆ ನಡುವಿನ ಕಾಣದ ವಸ್ತುವು 40 ಲಕ್ಷ ಸೂರ್ಯರಷ್ಟು ಭಾರವಾಗಿರಬೇಕು. ದಶಕಗಳ ಕಾಲ ಈ ನಕ್ಷತ್ರಗಳ ಬೆನ್ನುಹತ್ತಿದ ರೈನ್‌ಹಾರ್ಡ್ ಗೆಂಟ್ಸೆಲ್ ಮತ್ತು ಆಂಡ್ರಿಯಾ ಗೆಝ್ ಇವರಿಗೆ 2020ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಎರಡನೆಯ ದಾರಿಯು ಕೃಷ್ಣರಂಧ್ರದ ಆಹಾರದಿಂದ ತಿಳಿಯುವುದು. ಜೊತೆಗಾರ ನಕ್ಷತ್ರದಿಂದ ಸೆಳೆಯಲ್ಪಟ್ಟ ಅನಿಲವು ನೇರವಾಗಿ ಒಳಗೆ ಬೀಳುವುದಿಲ್ಲ. ಸುಳಿಯ ನೀರಿನಂತೆ ಸುತ್ತುತ್ತ, ಒಂದಕ್ಕೊಂದು ತಿಕ್ಕಿ, ಲಕ್ಷಾಂತರ ಅಂಶಗಳಷ್ಟು ಕಾದು ಕ್ಷಕಿರಣಗಳನ್ನು ಬೀರುತ್ತದೆ. ಈ ಕಿರಣಗಳು ನಮ್ಮ ವಾಯುಮಂಡಲವನ್ನು ದಾಟಿ ಕೆಳಗೆ ಬರಲಾರವು. ಆದ್ದರಿಂದ ಯಂತ್ರಗಳನ್ನೇ ಮೇಲಕ್ಕೆ ಕಳಿಸಬೇಕು. 2015ನೆಯ ಇಸವಿ ಸಪ್ಟೆಂಬರ 28ಕ್ಕೆ ಶ್ರೀಹರಿಕೋಟೆಯಿಂದ ಮೇಲೇರಿದ ‘ಆಸ್ಟ್ರೋಸ್ಯಾಟ್’ ಉಪಗ್ರಹವು ಈ ಕೆಲಸಕ್ಕಾಗಿಯೇ ಹುಟ್ಟಿದ್ದು. 2024ನೆಯ ಇಸವಿ ಜನೇವರಿ 1ಕ್ಕೆ ಹಾರಿದ ‘ಎಕ್ಸ್‌ಪೋಸ್ಯಾಟ್’ ಉಪಗ್ರಹದ ಮುಖ್ಯ ಯಂತ್ರವನ್ನು ಕಟ್ಟಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು.

ಮೂರನೆಯ ದಾರಿಯು ನೆರಳನ್ನು ಹಿಡಿಯುವುದು. ಹೊಳೆಯುವ ಅನಿಲದ ನಡುವೆ ಕೃಷ್ಣರಂಧ್ರವು ಕಪ್ಪು ನೆರಳಿನಂತೆ ತೋರಬೇಕು. ಆದರೆ ದೂರವು ಬಹಳವಾದ್ದರಿಂದ ಅದನ್ನು ಕಾಣಲು ಭೂಗೋಳದಷ್ಟು ಅಗಲವಾದ ದೂರದರ್ಶಕವೇ ಬೇಕು. ಅಂಥದನ್ನು ಕಟ್ಟುವುದು ಅಶಕ್ಯ; ಆದ್ದರಿಂದ ಬೇರೆ ಬೇರೆ ಖಂಡಗಳಲ್ಲಿರುವ ಎಂಟು ರೇಡಿಯೋ ದೂರದರ್ಶಕಗಳನ್ನು ಪರಮಾಣು ಗಡಿಯಾರಗಳಿಂದ ಏಕಕಾಲಕ್ಕೆ ಹೊಂದಿಸಿ, ಅವು ಬರೆದಿಟ್ಟುಕೊಂಡದ್ದನ್ನೆಲ್ಲ ಒಂದೆಡೆ ತಂದು ಕೂಡಿಸಿ, ಗಣಕಯಂತ್ರದಲ್ಲಿ ಚಿತ್ರವನ್ನು ಪಡೆದರು. 2019ನೆಯ ಇಸವಿ ಏಪ್ರಿಲ 10ಕ್ಕೆ ಪ್ರಕಟವಾದ ಆ ಚಿತ್ರವನ್ನು ವಾಚಕರು ನೋಡಿರಬಹುದು. ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರಪುಂಜದ ನಡುವಿನ, 650 ಕೋಟಿ ಸೂರ್ಯರ ತೂಕದ ಕೃಷ್ಣರಂಧ್ರದ ನೆರಳು ಅದು. ನಮ್ಮ ಆಕಾಶಗಂಗೆಯ ನಡುವಿನದರ ಚಿತ್ರವು 2022ನೆಯ ಇಸವಿ ಮೇ 12ಕ್ಕೆ ಹೊರಬಂದಿತು.

ನಾಲ್ಕನೆಯ ದಾರಿಯೇ ಇಂದಿನ ಪ್ರಸ್ತಾಪಕ್ಕೆ ಮುಖ್ಯವಾದದ್ದು. ಮೇಲಿನ ಮೂರೂ ಕಣ್ಣಿನ ಕೆಲಸವಾದರೆ ಇದು ಕಿವಿಯ ಕೆಲಸವೆನ್ನಬಹುದು. ಕೆರೆಯಲ್ಲಿ ಕಲ್ಲು ಬಿದ್ದಾಗ ನೀರಿನಲ್ಲಿ ಅಲೆಗಳು ಏಳುವಂತೆ, ಭಾರವಾದ ವಸ್ತುಗಳು ರಭಸದಿಂದ ತಿರುಗಿದಾಗ ದೇಶಕಾಲದಲ್ಲಿಯೇ ಅಲೆಗಳು ಏಳುತ್ತವೆಂದು ಆಯಿನ್‌ಸ್ಟಾಯಿನರು 1916ರಲ್ಲಿ ತರ್ಕಿಸಿದರು. ಇವೇ ಗುರುತ್ವ ತರಂಗಗಳು. ಇವು ಹಾದುಹೋಗುವಾಗ ಎಲ್ಲ ವಸ್ತುಗಳೂ ಒಂದು ದಿಕ್ಕಿನಲ್ಲಿ ಹಿಗ್ಗಿ ಇನ್ನೊಂದು ದಿಕ್ಕಿನಲ್ಲಿ ಕುಗ್ಗುತ್ತವೆ. ಆದರೆ ಆ ಹಿಗ್ಗುಕುಗ್ಗು ಅತ್ಯಂತ ಸೂಕ್ಷ್ಮವಾದದ್ದು. ಅದನ್ನು ಅಳೆಯುವುದು ಮನುಷ್ಯನ ಕೈಮೀರಿದ ಕೆಲಸವೆಂದು ಬಹು ಮಂದಿ ತಿಳಿದಿದ್ದರು.

ಲೈಗೊ ಯಂತ್ರದ ರಚನೆಯು ಹೀಗಿದೆ. 4 ಕಿಲೋಮೀಟರು ಉದ್ದದ ಎರಡು ಕೊಳವೆಗಳನ್ನು ಕಾಟಕೋನದಲ್ಲಿ ಕೂಡಿಸಿ, ಒಳಗಿನ ಗಾಳಿಯನ್ನೆಲ್ಲ ತೆಗೆದಿದ್ದಾರೆ. ಒಂದೇ ಲೇಸರ ಬೆಳಕನ್ನು ಎರಡಾಗಿ ಸೀಳಿ ಎರಡೂ ಕೊಳವೆಗಳಲ್ಲಿ ಬಿಡುತ್ತಾರೆ. ಕೊನೆಯಲ್ಲಿ 40 ಕಿಲೋಗ್ರಾಂ ತೂಕದ ಕನ್ನಡಿಗಳು ಗಾಜಿನ ಎಳೆಗಳಿಂದ ತೂಗಾಡುತ್ತವೆ. ಬೆಳಕು ಮರಳಿ ಬಂದು ಕೂಡಿದಾಗ ಎರಡೂ ಹಾದಿಗಳ ಉದ್ದವು ಸರಿಯಾಗಿದ್ದರೆ ಅಲೆಗೆ ಅಲೆ ಎದುರಾಗಿ ಕತ್ತಲೆಯಾಗುತ್ತದೆ. ಕೂದಲೆಳೆಯ ಭೇದವಾದರೂ ಬೆಳಕು ಮಿನುಗುತ್ತದೆ. ಕೂದಲೆಳೆಯೆಂದು ನಾವು ರೂಢಿಗನುಸರಿಸಿ ಹೇಳಿದೆವು. ನಿಜವಾಗಿ ಅಳೆಯಬೇಕಾದದ್ದು ಪರಮಾಣುವಿನ ಒಡಲಿನಲ್ಲಿರುವ ಪ್ರೋಟಾನೆಂಬ ಕಣದ ವ್ಯಾಸದಲ್ಲಿ ಹಲವು ನೂರರಲ್ಲೊಂದು ಪಾಲು! ನಮ್ಮ ರಸ್ತೆಗಳಲ್ಲಿ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳು ಎಬ್ಬಿಸುವ ನಡುಕವು ಇದಕ್ಕಿಂತ ಕೋಟಿ ಕೋಟಿ ಮಡಿ ದೊಡ್ಡದು. ಗೋಕಾಕದ ಜಲಪಾತದ ಕೆಳಗೆ, ಮಳೆಗಾಲದ ಭೋರ್ಗರೆತದಲ್ಲಿ ನಿಂತು, ಆಚೆಯ ದಡದಲ್ಲಿ ಸೂಜಿ ಬಿದ್ದ ಸಪ್ಪಳವನ್ನು ಕೇಳಬೇಕೆಂದರೆ ಎಷ್ಟು ಕಷ್ಟವೋ ಅದಕ್ಕಿಂತ ಇದು ಕಠಿಣವಾದದ್ದು.

ಹೀಗಿರಲು, ಒಂದೇ ಕೇಂದ್ರದ ಮಾತನ್ನು ನಂಬುವಂತಿಲ್ಲ. ಎರಡು ಕೇಂದ್ರಗಳನ್ನು, ಹ್ಯಾನ್‌ಫರ್ಡಿನಲ್ಲಿ ಒಂದು, ಅದರಿಂದ 3 ಸಾವಿರ ಕಿಲೋಮೀಟರು ದೂರದ ಲಿವಿಂಗ್‌ಸ್ಟನ್ನಿನಲ್ಲಿ ಇನ್ನೊಂದು, ಹೀಗೆ ಕಟ್ಟಿದ ಕಾರಣವಿದು. 2015ನೆಯ ಇಸವಿ ಸಪ್ಟೆಂಬರ 14ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷವಾಗಿದ್ದಾಗ, ಎರಡೂ ಕೇಂದ್ರಗಳು ಸೆಕೆಂಡಿನ ಸಾವಿರದಲ್ಲಿ 7 ಪಾಲಿನ ಅಂತರದಿಂದ ಒಂದೇ ಬಗೆಯ ಕಂಪನವನ್ನು ಬರೆದುಕೊಂಡವು. ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಕಾಲದಲ್ಲಿ ಅದು ಏರಿ, ಮೊರೆದು, ಅಡಗಿತು. ಸೂರ್ಯನ 36 ಮತ್ತು 29 ಮಡಿ ತೂಕದ ಎರಡು ಕೃಷ್ಣರಂಧ್ರಗಳು ಕೂಡಿ 62 ಮಡಿಯದೊಂದಾಯಿತು. ಉಳಿದ ಮೂರು ಸೂರ್ಯರ ತೂಕವು ತರಂಗರೂಪವಾಗಿ ಲೋಕವೆಲ್ಲ ಹರಡಿತು. ತಿಂಗಳುಗಟ್ಟಲೆ ಪರೀಕ್ಷಿಸಿದ ಮೇಲೆ 2016ನೆಯ ಇಸವಿ ಫೆಬ್ರುವರಿ 11ಕ್ಕೆ ಇದನ್ನು ಜಗತ್ತಿಗೆ ಸಾರಿದರು. ರೈನರ್ ವೈಸ್, ಬ್ಯಾರಿ ಬ್ಯಾರಿಷ್, ಕಿಪ್ ಥಾರ್ನ್ ಈ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಂಥ ಗದ್ದಲದೊಳಗಿಂದ ಆ ಸೂಕ್ಷ್ಮನಾದವನ್ನು ಹೆಕ್ಕಿ ತೆಗೆಯುವುದು ಹೇಗೆ? ಜಾತ್ರೆಯ ಗದ್ದಲದಲ್ಲಿಯೂ ತಾಯಿಯು ತನ್ನ ಕೂಸಿನ ದನಿಯನ್ನು ಗುರುತಿಸುವಳು. ಏಕೆಂದರೆ ಆ ದನಿಯು ಅವಳಿಗೆ ಮೊದಲೇ ಗೊತ್ತಿದೆ. ಅದೇ ರೀತಿಯಾಗಿ, ಬರಬಹುದಾದ ತರಂಗದ ಆಕಾರವನ್ನು ಮೊದಲೇ ಗಣಿತದಿಂದ ತಿಳಿದುಕೊಂಡು, ಬಂದದ್ದನ್ನು ಅದರೊಡನೆ ಹೋಲಿಸಿ ನೋಡಬೇಕು. ನಮ್ಮವರ ಪಾಲು ಎದ್ದು ಕಾಣುವುದು ಇಲ್ಲಿಯೇ. ರಾಮನ್ ಸಂಶೋಧನಾ ಸಂಸ್ಥೆಯ ಬಾಲ ಅಯ್ಯರ್ ಅವರು ಫ್ರಾನ್ಸಿನ ಹಾಗೂ ಅಮೇರಿಕಾದ ವಿದ್ವಾಂಸರೊಡಗೂಡಿ ಕೃಷ್ಣರಂಧ್ರಗಳು ಸುತ್ತುತ್ತ ಸಮೀಪಿಸುವಾಗಿನ ತರಂಗದ ಆಕಾರವನ್ನು ವರ್ಷಗಟ್ಟಲೆ ಗಣಿಸಿದರು. ಪುಣೆಯ ಸಂಜೀವ ಧುರಂಧರ ಮತ್ತು ಬಿ. ಎಸ್. ಸತ್ಯಪ್ರಕಾಶ ಇವರು 1991ರಲ್ಲಿಯೇ ಹೋಲಿಕೆಯ ಕ್ರಮವನ್ನು ವಿವರಿಸಿದರು. ಇನ್ನು ಕೂಡಿದ ಮೇಲಿನ ನಾದವನ್ನು ಎಲ್ಲರಿಗಿಂತ ಮೊದಲು ಕಂಡವರು ವಿಶ್ವೇಶ್ವರ ಅವರು.

ವಿಶ್ವೇಶ್ವರ ಅವರು ಜನಿಸಿದ್ದು ಬೆಂಗಳೂರಿನಲ್ಲಿ, 1938ರಲ್ಲಿ. ಕನ್ನಡ ಸಾಹಿತಿಗಳಾಗಿ ಹೆಸರಾದ ಸಿ. ಕೆ. ವೆಂಕಟರಾಮಯ್ಯನವರು ಅವರ ತಂದೆಗಳು. ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದು, ಅಮೇರಿಕಾಕ್ಕೆ ತೆರಳಿ, ಮೇರಿಲ್ಯಾಂಡ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಎಂಬ ಗುರುಗಳ ಕೈಕೆಳಗೆ ಅಭ್ಯಾಸ ಮಾಡಿದರು. ‘ಕೃಷ್ಣರಂಧ್ರ’ವೆಂಬ ಹೆಸರೇ ಆಗ ಹೊಸದು. ಅವರು ಎತ್ತಿಕೊಂಡ ಪ್ರಶ್ನೆಯು ಸರಳವಾದದ್ದು: ಕೃಷ್ಣರಂಧ್ರವನ್ನು ಕೊಂಚ ಅಲುಗಿಸಿದರೆ ಅದು ಸ್ಥಿರವಾಗಿ ಉಳಿದೀತೋ, ಚದರಿಹೋದೀತೋ? ಚದರುವುದಾದರೆ ಅಂಥ ವಸ್ತುವು ಸೃಷ್ಟಿಯಲ್ಲಿ ಇರಲಾರದು, ಹುಡುಕುವುದೇ ವ್ಯರ್ಥ. ತಿರುಗದ ಕೃಷ್ಣರಂಧ್ರವು ಸ್ಥಿರವಾದದ್ದೆಂದು ಅವರು ಗಣಿತದಿಂದ ತೋರಿಸಿಕೊಟ್ಟರು. ಇರಬಹುದಾದ ವಸ್ತುವೆಂದು ಸಿದ್ಧವಾದ ಮೇಲೆ ಎರಡನೆಯ ಪ್ರಶ್ನೆ: ಹಾಗಾದರೆ ಅದನ್ನು ಕಾಣುವುದು ಹೇಗೆ? ಕತ್ತಲೆಯಲ್ಲಿರುವ ವಸ್ತುವನ್ನು ತಿಳಿಯಲು ಅದರ ಮೇಲೆ ಏನನ್ನಾದರೂ ಎಸೆದು ಸಪ್ಪಳವನ್ನು ಕೇಳುವಂತೆ, ಅವರು ಗಣಿತದಲ್ಲಿಯೇ ಗುರುತ್ವ ತರಂಗದ ಒಂದು ತುಣುಕನ್ನು ಕೃಷ್ಣರಂಧ್ರದ ಮೇಲೆ ಹಾಯಿಸಿ, ತಿರುಗಿ ಬಂದದ್ದನ್ನು ಪರೀಕ್ಷಿಸಿದರು. ತುಣುಕು ಅಗಲವಾಗಿದ್ದಾಗ ವಿಶೇಷವೇನೂ ತೋರಲಿಲ್ಲ. ಅದನ್ನು ಕಿರಿದು ಮಾಡುತ್ತ ಹೋದಂತೆ, ಬಾರಿಸಿದ ಗಂಟೆಯ ನಾದವು ಇಳಿಯುತ್ತ ಹೋಗುವಂಥ ಒಂದು ಕಂಪನವು ಎದ್ದು ಕಂಡಿತು. ಎಸೆದದ್ದು ಯಾವುದೇ ಇರಲಿ, ಮರಳುವ ನಾದವು ಕೃಷ್ಣರಂಧ್ರದ ತೂಕವನ್ನೇ ಅವಲಂಬಿಸಿತ್ತು. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಲೇಖನವು ಅಚ್ಚಾಯಿತು.

ಕಂಚುಗಾರನು ಗಂಟೆಯನ್ನು ಬೆರಳಿನಿಂದ ತಟ್ಟಿ ಅದರ ಗುಣವನ್ನು ಹೇಳುವನಲ್ಲವೇ? ಕೃಷ್ಣರಂಧ್ರದ ತೂಕವೆಷ್ಟು, ತಿರುಗುವ ವೇಗವೆಷ್ಟು ಎಂಬುದನ್ನು ಅದರ ನಾದದಿಂದಲೇ ಹೇಳಬಹುದೆಂಬ ಶಾಸ್ತ್ರವು ಈ ಬೀಜದಿಂದ ಬೆಳೆಯಿತು. ನಾದದಲ್ಲಿ ಎರಡು ಸ್ವರಗಳನ್ನು ಬೇರೆ ಬೇರೆಯಾಗಿ ಅಳೆದರೆ, ಎರಡೂ ಒಂದೇ ತೂಕವನ್ನು, ಒಂದೇ ವೇಗವನ್ನು ಹೇಳುತ್ತವೆಯೇ ಎಂದು ತಾಳೆ ನೋಡಬಹುದು. ಒಂದೇ ಘಟನೆಗೆ ಇಬ್ಬರು ಸಾಕ್ಷಿದಾರರು ದೊರೆತಂತೆ. 2025ರ ಕಂಪನದಲ್ಲಿ ದೊರೆತದ್ದು ಈ ತಾಳೆಯೇ. ಇಬ್ಬರ ಹೇಳಿಕೆಯೂ ಕೂಡಿಬಂದಿತು. ಅಷ್ಟೇ ಅಲ್ಲ, ಕೃಷ್ಣರಂಧ್ರಗಳು ಕೂಡಿದಾಗ ಒಟ್ಟು ಮೇಲ್ಮೈಯು ಎಂದೂ ಕುಗ್ಗಲಾರದೆಂದು ಸ್ಟೀಫನ್ ಹಾಕಿಂಗರು 1971ರಲ್ಲಿ ಹೇಳಿದ್ದೂ ಸ್ಥಿರಪಟ್ಟಿತು. ಕೂಡುವ ಮೊದಲು ಎರಡರ ಮೇಲ್ಮೈಯೂ ಸೇರಿ ಸುಮಾರು 2 ಲಕ್ಷ 40 ಸಾವಿರ ಚದರ ಕಿಲೋಮೀಟರು. ಕೂಡಿದ ಮೇಲೆ ಸುಮಾರು 4 ಲಕ್ಷ. ನಮ್ಮ ಕರ್ನಾಟಕದ ವಿಸ್ತೀರ್ಣವು 1 ಲಕ್ಷ 92 ಸಾವಿರ ಚದರ ಕಿಲೋಮೀಟರು ಎಂಬುದನ್ನು ನೆನೆದರೆ, ಅರವತ್ತಕ್ಕೂ ಹೆಚ್ಚು ಸೂರ್ಯರ ಭಾರವು ಎರಡು ಕರ್ನಾಟಕಗಳಷ್ಟು ಮೇಲ್ಮೈಯೊಳಗೆ ಅಡಗಿತೆಂದು ತಿಳಿಯಬಹುದು.

ವಿಶ್ವೇಶ್ವರ ಅವರು ವಿದೇಶದಲ್ಲಿಯೇ ನೆಲೆಸಿಬಿಡಲಿಲ್ಲ. ತಾಯ್ನಾಡಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಆಮೇಲೆ ಭಾರತೀಯ ಖಭೌತ ಸಂಸ್ಥೆಯಲ್ಲಿಯೂ ಸೇವೆ ಸಲ್ಲಿಸಿದರು. ಬೆಂಗಳೂರಿನ ಜವಾಹರಲಾಲ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಸಾಮಾನ್ಯ ಜನರಿಗೂ ಬಾಲಕರಿಗೂ ಆಕಾಶದ ವಿದ್ಯೆಯನ್ನು ಹಂಚಿದರು. 1970ರಲ್ಲಿ ಕಾಗದದ ಮೇಲೆ ಬರೆದ ನಾದವನ್ನು 2016ರಲ್ಲಿ ಯಂತ್ರವು ಹಿಡಿದ ಸುದ್ದಿಯನ್ನು ಅವರು ಕೇಳಿದರು. ಮರುವರ್ಷ, 2017ನೆಯ ಇಸವಿ ಜನೇವರಿ 16ಕ್ಕೆ, ತೀರಿಕೊಂಡರು. ನಡುವೆ ಸಂದದ್ದು ನಾಲ್ವತ್ತೈದು ವರ್ಷಗಳಿಗೂ ಹೆಚ್ಚು. ಈ ಅವಧಿಯನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದಿನ ವಾದಕ್ಕೆ ಇದೇ ಆಧಾರ.

ಇನ್ನು ರಾಜಕಾರಣದ ಮಾತು. ಎರಡೇ ಕೇಂದ್ರಗಳಿದ್ದರೆ ತರಂಗವು ಬಂದಿತೆಂದು ತಿಳಿಯಬಹುದು. ಯಾವ ದಿಕ್ಕಿನಿಂದ ಬಂದಿತೆಂದು ನಿಷ್ಕರ್ಷಿಸುವುದು ಕಷ್ಟ. ಇಟಲಿಯ ‘ವರ್ಗೊ’ ಹಾಗೂ ಜಪಾನಿನ ‘ಕಾಗ್ರಾ’ ಎಂಬ ಕೇಂದ್ರಗಳಿವೆ. ಆದರೆ ಅವುಗಳ ಭುಜಗಳು 3 ಕಿಲೋಮೀಟರಿನವು. ಭೂಗೋಳದ ಈ ಭಾಗದಲ್ಲಿ ಲೈಗೊದಷ್ಟೇ ಸಮರ್ಥವಾದ ಇನ್ನೊಂದು ಕೇಂದ್ರವಾದರೆ ದಿಕ್ಕಿನ ನಿಷ್ಕರ್ಷೆಯು ಬಹಳ ಸುಲಭವಾಗುವುದು. ದಿಕ್ಕು ಗೊತ್ತಾದರೆ ಉಳಿದ ದೂರದರ್ಶಕಗಳು ಅತ್ತ ತಿರುಗಬಲ್ಲವು. 2017ನೆಯ ಇಸವಿ ಆಗಸ್ಟ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದಾಗ ಹಾಗೆಯೇ ಆಯಿತು. ಸುಮಾರು 70 ವೀಕ್ಷಣಾಲಯಗಳು ಅತ್ತ ನೋಡಿದವು, ಬಂಗಾರದಂಥ ಭಾರಲೋಹಗಳು ಇಂಥ ಸಂಘಟ್ಟದಲ್ಲಿ ಹುಟ್ಟುತ್ತವೆಂಬುದಕ್ಕೆ ಸಾಕ್ಷ್ಯವು ದೊರೆಯಿತು. ಲಡಾಖದ ಹಾನ್ಲೆಯಲ್ಲಿರುವ ನಮ್ಮ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತೇ ನಡೆಯಿಸುತ್ತಾರೆ. ಇಂಥ ಸಾಧನಗಳಿಗೆ ದಿಕ್ಕಿನ ಸೂಚನೆಯು ಬೇಕು.

ಈ ಕಾರಣದಿಂದ ನಮ್ಮ ದೇಶದಲ್ಲಿಯೇ ಒಂದು ಕೇಂದ್ರವನ್ನು ಕಟ್ಟಬೇಕೆಂದು ನಿಶ್ಚಯವಾಗಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ, ನಾಗನಾಥನ ಕ್ಷೇತ್ರದ ಹತ್ತಿರ, ಸ್ಥಳವು ಗೊತ್ತಾಗಿದೆ. ಅಮೇರಿಕಾದವರು ಯಂತ್ರಭಾಗಗಳನ್ನು ಒದಗಿಸುವುದು, ನಾವು ಸ್ಥಳ, ಕೊಳವೆ, ಕಟ್ಟಡ, ಜನ ಇವುಗಳನ್ನು ಒದಗಿಸುವುದು ಎಂದು ಕರಾರು. 2016ನೆಯ ಇಸವಿ ಫೆಬ್ರುವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ತತ್ವತಃ ಒಪ್ಪಿಗೆ ಕೊಟ್ಟಿತು. ಪೂರ್ಣ ಮಂಜೂರಾತಿಯು, 2,600 ಕೋಟಿ ರೂಪಾಯಿಗಳ ಅಂದಾಜಿನೊಡನೆ, ದೊರೆತದ್ದು 2023ನೆಯ ಇಸವಿ ಏಪ್ರಿಲದಲ್ಲಿ. ತತ್ವಕ್ಕೂ ಹಣಕ್ಕೂ ನಡುವೆ ಏಳು ವರ್ಷಗಳು ಉರುಳಿದವು! ಆ ಏಳು ವರ್ಷಗಳಲ್ಲಿ ಹೊರನಾಡಿನ ಕೇಂದ್ರಗಳು ತೊಂಬತ್ತರಷ್ಟು ಘಟನೆಗಳನ್ನು ಪಟ್ಟಿ ಮಾಡಿ ಮುಗಿಸಿದ್ದವು. ಕಾಗದವು ಮೇಜಿನಿಂದ ಮೇಜಿಗೆ ಸರಿಯುವಾಗ ತರಂಗಗಳು ನಮಗಾಗಿ ಕಾದು ನಿಲ್ಲುವುದಿಲ್ಲ. 2030ರ ಸುಮಾರಿಗೆ ಕೆಲಸವು ಮುಗಿಯಬೇಕೆಂದು ಉದ್ದೇಶವಿಟ್ಟಿದ್ದಾರೆ. ಈ ಗಡುವಾದರೂ ಜಾರದಿರಲಿ. ಇದಕ್ಕೆ ಇನ್ನೊಂದು ಕಾರಣವೂ ಉಂಟು. 2025ರಲ್ಲಿ ಅಮೇರಿಕಾದ ಸರಕಾರವು ತನ್ನ ಅಂದಾಜುಪತ್ರಿಕೆಯಲ್ಲಿ ಲೈಗೊದ ಎರಡು ಕೇಂದ್ರಗಳಲ್ಲಿ ಒಂದನ್ನು ನಿಲ್ಲಿಸುವಂತೆ ಸೂಚಿಸಿತ್ತು. ಪರರ ಬೊಕ್ಕಸವನ್ನು ನೆಚ್ಚಿದ ವಿದ್ಯೆಯು ಯಾವ ದಿನ ಅನಾಥವಾದೀತೆಂದು ಹೇಳಬರುವಂತಿಲ್ಲವೆಂಬುದು ಇದರಿಂದ ಸ್ಪಷ್ಟ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಎರಡನ್ನೂ ಎದುರಿಸುವುದು ನಮ್ಮ ಕರ್ತವ್ಯ. ಮೊದಲನೆಯದು ರೈತನ ಆಕ್ಷೇಪ: ‘ಪಂಪಿಗೆ ವಿದ್ಯುತ್ತು ಸರಿಯಾಗಿ ಬರುವುದಿಲ್ಲ, ಕಬ್ಬಿನ ಬಾಕಿ ಬರುವುದಿಲ್ಲ, ನೂರು ಕೋಟಿ ವರ್ಷಗಳ ಹಿಂದಿನ ಸಪ್ಪಳಕ್ಕೆ ಸಾವಿರಾರು ಕೋಟಿ ರೂಪಾಯಿಯೇಕೆ?’ ಈ ಪ್ರಶ್ನೆಯನ್ನು ತುಚ್ಛೀಕರಿಸುವವರು ಅವಿವೇಕಿಗಳು. ಹಣವು ಆತನದು, ಕೇಳುವ ಹಕ್ಕೂ ಆತನದೇ. ಉತ್ತರವಿಷ್ಟು. ಸದರಿ ವೆಚ್ಚವನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಹತ್ತೊಂಬತ್ತು ರೂಪಾಯಿಯ ಒಳಗೆ ಬೀಳುತ್ತದೆ. ಅದೂ ಹಲವು ವರ್ಷಗಳ ಮೇಲೆ ಹರಡಿದ್ದು. ಇದನ್ನು ಉಳಿಸಿದ ಮಾತ್ರಕ್ಕೆ ಪಂಪಿಗೆ ವಿದ್ಯುತ್ತು ಬಾರದು. ಮೈಕೆಲ್ ಫ್ಯಾರಡೆಯವರು ಅಯಸ್ಕಾಂತವನ್ನು ತಂತಿಯ ಸುರುಳಿಯಲ್ಲಿ ಆಡಿಸಿ ವಿದ್ಯುತ್ತನ್ನು ಹುಟ್ಟಿಸಿದ್ದು 1831ರಲ್ಲಿ. ಅದರಿಂದ ಹಳ್ಳಿಯ ಬಾವಿಯ ನೀರು ಮೇಲೇರುವುದೆಂದು ಆಗ ಹೇಳಿದ್ದರೆ ಯಾರು ನಂಬುತ್ತಿದ್ದರು? ಆಯಿನ್‌ಸ್ಟಾಯಿನರ ಗುರುತ್ವ ಸಿದ್ಧಾಂತವೂ ಹಾಗೆಯೇ. ಇಂದು ಕೈಯೊಳಗಿನ ದೂರವಾಣಿಯು ದಾರಿ ತೋರಿಸುವುದು ಉಪಗ್ರಹಗಳ ಗಡಿಯಾರಗಳಿಂದ. ಆ ಗಡಿಯಾರಗಳು ಭೂಮಿಯ ಗಡಿಯಾರಗಳಿಗಿಂತ ದಿನಕ್ಕೆ ಸೆಕೆಂಡಿನ ದಶಲಕ್ಷದಲ್ಲಿ 38 ಪಾಲು ಮುಂದೆ ಓಡುತ್ತವೆ. ಆಯಿನ್‌ಸ್ಟಾಯಿನರ ಲೆಕ್ಕದಂತೆ ಇದನ್ನು ತಿದ್ದದಿದ್ದರೆ ದಿನವೊಂದರಲ್ಲಿಯೇ ಸುಮಾರು 10 ಕಿಲೋಮೀಟರಿನ ತಪ್ಪು ಬರುವುದು. ಉಪಗ್ರಹದ ನೆರವಿನಿಂದ ಹೊಲದ ಬದುವನ್ನು ಅಳೆಯುವ ಅಧಿಕಾರಿಗಳು ಇದನ್ನು ಗಮನಿಸಬೇಕು. ಗುರುತ್ವ ತರಂಗಗಳಿಂದ ನಾಳೆ ಏನು ಫಲವಾದೀತೆಂದು ನಾವು ಭವಿಷ್ಯ ನುಡಿಯುವುದಿಲ್ಲ. ನಾಲ್ವತ್ತೈದು ವರ್ಷ ಕಾಯದಿದ್ದರೆ ವಿಶ್ವೇಶ್ವರ ಅವರ ಲೇಖನವೂ ನಿಷ್ಫಲವೆಂದೇ ಗಣಿಸಲ್ಪಡುತ್ತಿತ್ತೆಂದು ಮಾತ್ರ ಹೇಳುವೆವು.

ಎರಡನೆಯ ಆಕ್ಷೇಪವು ವಿರುದ್ಧ ದಿಕ್ಕಿನಿಂದ ಬರುವುದು: ‘ಇದೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದದ್ದೇ; ಪರರಿಂದ ಕಲಿಯತಕ್ಕದ್ದೇನಿದೆ?’ ಪಾಠಶಾಲೆಯಲ್ಲಿ ಅಕ್ಷರ ಕಲಿತ ನಮಗೆ ಪೂರ್ವಿಕರ ಮೇಲಿನ ಗೌರವವನ್ನು ಯಾರೂ ಕಲಿಸಬೇಕಾಗಿಲ್ಲ. ಭೂಮಿಗೆ ಆಕರ್ಷಣಶಕ್ತಿಯುಂಟು, ಅದರಿಂದ ಗುರುವಸ್ತುಗಳು ಅದರ ಕಡೆಗೆ ಸೆಳೆಯಲ್ಪಡುತ್ತವೆ ಎಂದು ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ ಹೇಳಿದ್ದು ನಿಜ; ಅದು ಹೆಮ್ಮೆಯ ಮಾತೇ. ಆದರೆ ಆ ಸೆಳೆತವು ದೂರಕ್ಕೆ ತಕ್ಕಂತೆ ಎಷ್ಟು ಕುಗ್ಗುವುದೆಂಬ ಗಣಿತವು ಅಲ್ಲಿಲ್ಲ, ತರಂಗದ ಮಾತಂತೂ ಇಲ್ಲವೇ ಇಲ್ಲ. ಭಾಸ್ಕರಾಚಾರ್ಯರು ತಮ್ಮ ಹಿಂದಿನವರ ಲೆಕ್ಕವನ್ನು ಪರೀಕ್ಷಿಸಿ ಮುಂದೆ ನಡೆದದ್ದರಿಂದಲೇ ಆಚಾರ್ಯರಾದರು. ವಿಶ್ವೇಶ್ವರ ಅವರೂ ‘ನಮ್ಮಲ್ಲಿ ಎಲ್ಲವೂ ಇದೆ’ಯೆಂದು ಸುಮ್ಮನೆ ಕೂಡ್ರಲಿಲ್ಲ, ಜರ್ಮನನ ಸಮೀಕರಣವನ್ನು ಅಮೇರಿಕಾದ ಗುರುವಿನ ಬಳಿ ಅಭ್ಯಸಿಸಿ, ತಮ್ಮ ಬುದ್ಧಿಯಿಂದ ಅದಕ್ಕೆ ಹೊಸದನ್ನು ಕೂಡಿಸಿದರು. ಪೂರ್ವಿಕರ ಋಣವನ್ನು ತೀರಿಸುವ ಕ್ರಮವಿದು.

ನಮ್ಮ ದೂರು ಬೇರೆಯೇ ಇದೆ. ಬೆಂಗಳೂರಿನಲ್ಲಿ ರಾಮನ್ ಸಂಸ್ಥೆಯಿದೆ, ಖಭೌತ ಸಂಸ್ಥೆಯಿದೆ, ಗುರುತ್ವ ತರಂಗಗಳನ್ನು ಶೋಧಿಸುವ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರವಿದೆ. ಅವುಗಳ ಬೆಳಕು ಐನೂರು ಕಿಲೋಮೀಟರು ಈಚೆಯ ನಮ್ಮ ಸೀಮೆಯನ್ನು ಮುಟ್ಟುವುದು ಕಡಿಮೆ. ದೂರದ ಕೃಷ್ಣರಂಧ್ರದ ನಾದವು ಇಲ್ಲಿಗೆ ಬಂದು ಮುಟ್ಟಿತು. ಬೆಂಗಳೂರಿನ ವಿದ್ಯೆಯು ಅಂಕಲಗಿಗೆ ಬಂದು ಮುಟ್ಟಲಿಲ್ಲ! ಔಂಢಾದ ಕೇಂದ್ರಕ್ಕೆ ನಾಳೆ ಲೇಸರ ಬಲ್ಲವರು, ನಿರ್ವಾತ ಕೊಳವೆಗಳನ್ನು ಬೆಸೆಯಬಲ್ಲವರು, ಗಣಕಯಂತ್ರ ಬಲ್ಲವರು, ಗಣಿತಜ್ಞರು ಬೇಕಾಗುವರು. ಆ ಕೆಲಸಗಾರರಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳ ದಂಡೆಯ ತರುಣರು ಇರಬೇಕಾದರೆ ಇಂದು ಎಂಟನೆಯ, ಒಂಬತ್ತನೆಯ ಇಯತ್ತೆಯಲ್ಲಿರುವವರ ಗಣಿತವು ಭದ್ರವಾಗಬೇಕು; ವಿಷಯವು ಅವರ ತಾಯ್ನುಡಿಯಲ್ಲಿ ಅವರ ಕಿವಿಗೆ ಬೀಳಬೇಕು.

ಆದ್ದರಿಂದ ನಮ್ಮ ಸೂಚನೆಗಳು ಮೂರು. ಒಂದು: ಕೇಂದ್ರ ಸರಕಾರವು ಔಂಢಾದ ಕೆಲಸದ ಪ್ರಗತಿಯನ್ನೂ ವೆಚ್ಚವನ್ನೂ ವರ್ಷಕ್ಕೊಮ್ಮೆ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಪ್ರಕಟಿಸತಕ್ಕದ್ದು, ಹಣ ಕೊಟ್ಟವನಿಗೆ ಲೆಕ್ಕ ಕೊಡುವುದೇ ಆಕ್ಷೇಪಗಳಿಗೆ ಸರಿಯಾದ ಸಮಾಧಾನ. ಎರಡು: ರಾಜ್ಯ ಸರಕಾರವು ವಿಶ್ವೇಶ್ವರ ಅವರ ಶೋಧವನ್ನು, ಬರಿಯ ಹೆಸರು-ಇಸವಿಗಳನ್ನಲ್ಲ, ಶೋಧದ ಕ್ರಮವನ್ನು, ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ತಿಳಿಗನ್ನಡದ ಪಾಠವಾಗಿ ಸೇರಿಸತಕ್ಕದ್ದು, ಬೆಂಗಳೂರಿನ ಸಂಸ್ಥೆಗಳ ವಿದ್ವಾಂಸರನ್ನು ವರ್ಷಕ್ಕೊಮ್ಮೆಯಾದರೂ ತಾಲೂಕು ಸ್ಥಳಗಳಿಗೆ ವ್ಯಾಖ್ಯಾನಕ್ಕೆ ಕಳಿಸತಕ್ಕದ್ದು. ಮೂರು: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಂಭಾವಿತ ಗೃಹಸ್ಥರು ಪ್ರತಿಯೊಂದು ಪ್ರೌಢಶಾಲೆಗೆ ಒಂದೊಂದು ಚಿಕ್ಕ ದೂರದರ್ಶಕವನ್ನು ಒದಗಿಸಿಕೊಡಬೇಕು. ಒಂದು ಲಗ್ನದ ಮಂಟಪದ ಅಲಂಕಾರಕ್ಕೆ ಆಗುವ ವೆಚ್ಚವೂ ಇದಕ್ಕೆ ಬೇಡ.

ಮೊದಲಿನ ಎರಡು ಕೆಲಸಗಳು ಸರಕಾರದವು. ಅವುಗಳಿಗೆ ಅರ್ಜಿ, ಆಗ್ರಹ, ಕಾಯುವಿಕೆ ಇದ್ದದ್ದೇ. ಮೂರನೆಯದಕ್ಕೆ ಯಾರ ಮಂಜೂರಾತಿಯೂ ಬೇಕಾಗಿಲ್ಲ. ಬರುವ ಚಳಿಗಾಲದ ತಿಳಿಯಾಕಾಶಕ್ಕೆ ಮೊದಲು ಯಾವ ಊರಿನವರು ಈ ಕೆಲಸಕ್ಕೆ ಕೈಹಚ್ಚುವರೋ ಅವರ ವರ್ತಮಾನವನ್ನು ಈ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.